ಗಾಳಿ ತೊಳೆಯುವ ಪೆಟ್ಟಿಗೆ

ನನಗಾಗ ಅರವತ್ತೇಳು. ಈಗ ಅದಕ್ಕೆ ನಾಲ್ಕು ವರ್ಷವಾಯಿತು. ಇಷ್ಟರಲ್ಲಿ ಎರಡು ಹಲ್ಲು ಹೋದವು, ಮೊಣಕಾಲು ಹೋಯಿತು, ಸಿಟ್ಟು ಮಾತ್ರ ಹೋಗಲಿಲ್ಲ.

ನಿನ್ನೆ ತೊವ್ವೆಗೆ ಒಗ್ಗರಣೆ ಹಾಕಿದೆ. ಸಾಸಿವೆ ಚಟ್ ಎಂದು ಸಿಡಿಯಿತು. ಸಿಡಿಯುವುದು ಸಾಸಿವೆಯ ಕೆಲಸ, ಅದರ ತಪ್ಪೇನೂ ಇಲ್ಲ. ಆದರೆ ಆ ಸದ್ದು ಕಿವಿಗೆ ಬಿದ್ದದ್ದೇ ನಾನು ಸೌಟು ಹಿಡಿದುಕೊಂಡೇ ಹಿಂದೆ ತಿರುಗಿ ನೋಡಿದೆ, ಯಾರು ನನ್ನನ್ನು ದುರುಗುಟ್ಟಿಕೊಂಡು ನಿಂತಿದ್ದಾರೆ ಎಂದು. ಯಾರೂ ಇರಲಿಲ್ಲ. ಅಷ್ಟರಲ್ಲಿ ಒಗ್ಗರಣೆ ಸೀದು ಹೋಯಿತು. ನಿನ್ನೆಯ ತೊವ್ವೆ ಕಹಿಯಾದದ್ದನ್ನೂ ನಾನು ಆ ಪೆಟ್ಟಿಗೆಯ ತಲೆಗೇ ಕಟ್ಟುತ್ತೇನೆ.

ಯಾವ ಪೆಟ್ಟಿಗೆ ಎಂದು ಹೇಳಬೇಕಲ್ಲ.

ಒಮಾನಿನ ಸೀಬ್‌ನಲ್ಲಿ ನನ್ನ ಮಗಳು ಸುಜಾತ ಮತ್ತು ಅಳಿಯ ಬಾಡಿಗೆಗೆ ಹಿಡಿದ ಮನೆ. ಮನೆ ಎಂದರೆ ಮಗಳಿಗೆ ಸಾಲದು, ವಿಲ್ಲಾ ಎನ್ನಬೇಕು. ವಿಮಾನ ನೆತ್ತಿಯ ಮೇಲೆಯೇ ಹೋಗುತ್ತದೆ. ಕೊತ್ತಂಬರಿ ಸೊಪ್ಪು ತರಬೇಕಾದರೂ ಕಾರು ಹೊರಡಬೇಕು. ಕಾಲು ಇದ್ದವರು ಅಲ್ಲಿ ಕಾಲನ್ನು ಮರೆತುಬಿಡುವುದೇ ಒಳ್ಳೆಯದು. ಆ ಮನೆಗೆ ಕೋಣೆಗೊಂದು ಏಸಿ ಅಲ್ಲ, ಇಡೀ ಮನೆಗೆ ಒಂದೇ ಏಸಿ. ಛಾವಣಿಯೊಳಗೆ ತಗಡಿನ ಕೊಳವೆ ಓಡಿಸಿ ಎಲ್ಲ ಕೋಣೆಗೂ ತಂಪು ಕಳಿಸುತ್ತದೆ, ಎಲ್ಲ ಕೋಣೆಯ ಗಾಳಿಯನ್ನೂ ತಿರುಗಿ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವ ಬಾಯಿಗೆ, ಪ್ಯಾಸೇಜಿನ ಗೋಡೆಯಲ್ಲಿ, ಅಳಿಯಂದಿರು ಒಂದು ಪೆಟ್ಟಿಗೆ ಕೂರಿಸಿದ್ದರು. ಮನೆಯ ಗಾಳಿಯೆಲ್ಲ ಅದರೊಳಗೆ ಹಾದು ಶುದ್ಧವಾಗಿ ಬರಬೇಕಂತೆ. ಹೊರಗೆ ಗಾಳಿ ನುಗ್ಗುವಷ್ಟು ಸೀಳುಸೀಳಿನ ಬಾಗಿಲು. ಒಳಗೆ ಮೊದಲು ಒಂದು ಜಾಲರಿ. ಜಾಲರಿಯ ಹಿಂದೆ ಕೂದಲಿನಷ್ಟು ಸಪೂರದ ತಂತಿಗಳು. ಅವುಗಳ ಹಿಂದೆ ಒಂದಕ್ಕೊಂದು ತಾಗದ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ ಅಲ್ಯೂಮಿನಿಯಂ ತಗಡುಗಳು. ತಂತಿ ಧೂಳಿಗೆ ಶಾಕ್ ಹೊಡೆಯುತ್ತದಂತೆ. ಶಾಕ್ ತಿಂದ ಧೂಳು ಹೋಗಿ ತಗಡಿಗೆ ಅಂಟಿಕೊಳ್ಳುತ್ತದಂತೆ. ಸ್ವಲ್ಪ ದೊಡ್ಡ ಧೂಳೋ, ಹುಳವೋ ಸಿಕ್ಕಿದರೆ ಚಟ್ ಎಂದು ಸದ್ದು. ಆಮೇಲೆ ಮಿಂಚು ಹೊಡೆದ ಮೇಲೆ ಬರುತ್ತದಲ್ಲ, ಅಂಥದೊಂದು ವಾಸನೆ.

ಇದನ್ನೆಲ್ಲ ಹೇಳಿದ್ದು ಅಳಿಯ ನಾಗೇಶ. ಮೈಸೂರಿನವರು, ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಎದುರಿಗೆ ನಾನು ಅವರನ್ನು ನೀವು ಎನ್ನುತ್ತೇನೆ. ಮನಸ್ಸಿನಲ್ಲಿ ಏನೆನ್ನುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೂಗುವುದಿಲ್ಲ. ಏನು ಹೇಳಬೇಕಿದ್ದರೂ ಮೊದಲು “ತಪ್ಪು ತಿಳ್ಕೋಬೇಡಿ ಅತ್ತೆ” ಎನ್ನುತ್ತಾರೆ, ಆಮೇಲೆ ಬಾರಿಸುತ್ತಾರೆ. ಮೆತ್ತಗೆ ಮಾತಾಡುವವರ ಹತ್ತಿರ ಜಗಳ ಮಾಡುವುದೆಂದರೆ ಹತ್ತಿಯ ಹಾಸಿಗೆಗೆ ಗುದ್ದಿದ ಹಾಗೆ. ಕೈ ನೋಯುವುದೂ ಇಲ್ಲ, ಸಮಾಧಾನವೂ ಇಲ್ಲ.

ಪೆಟ್ಟಿಗೆ ತಂದದ್ದು ಮಿನ್ನುವಿಗಾಗಿ. ಮಿನ್ನು ನನ್ನ ಮೊಮ್ಮಗಳು, ಆಗ ಏಳು ವರ್ಷ. ಅವಳಿಗೆ ಉಬ್ಬಸ. ಹವೆ ಬದಲಾದರೆ ಸಾಕು, ಎದೆಯಲ್ಲಿ ಬೆಕ್ಕಿನ ಮರಿ ಕೂತ ಹಾಗೆ ಸದ್ದು ಬರುತ್ತಿತ್ತು. ಆಫೀಸಿಗೆ ಹೋಗುವ ಮಗಳಿಗೆ ಮಗುವನ್ನು ನೋಡಿಕೊಳ್ಳಲು ಜನ ಬೇಕಾಗಿತ್ತು, ನನ್ನನ್ನು ಕರೆಸಿಕೊಂಡಳು. ಹಾಗೆ ನಾನು ಹೋದದ್ದು. ಮಿನ್ನು ನನ್ನ ಬಗಲಲ್ಲೇ ಮಲಗುತ್ತಿದ್ದಳು. ಒಂದು ಕಾಲದಲ್ಲಿ ಭಾರದ ಓಲೆ ಹಾಕಿ ಹಾಕಿ ನನ್ನ ಕಿವಿ ಜೋತುಬಿದ್ದಿದೆ. ಆ ಜೋತುಬಿದ್ದ ತುದಿಯನ್ನು ಬೆರಳಲ್ಲಿ ಹಿಸುಕುತ್ತಾ ಹಿಸುಕುತ್ತಾ ನಿದ್ದೆ ಹೋಗುವುದು ಅವಳ ಅಭ್ಯಾಸ. ಕೆಲವು ದಿನ ಬೆಳಿಗ್ಗೆ ಕಿವಿ ಉರಿಯುತ್ತಿತ್ತು. ಬಯ್ಯುತ್ತಿದ್ದೆ. ಬಿಡಿಸಿಕೊಳ್ಳುತ್ತಿರಲಿಲ್ಲ.

ಹೋದ ಮೊದಲ ದಿನ ನಾನೊಂದು ಮಂಗತನ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ನಸುಕಿನಲ್ಲಿ ಎದ್ದು ಬಚ್ಚಲು ಹುಡುಕಿಕೊಂಡು ಹೊರಟರೆ ಪ್ಯಾಸೇಜಿನ ಗೋಡೆಯಲ್ಲಿ ಒಂದು ಹಸಿರು ದೀಪ. ದೇವರ ಕೋಣೆ ಇಲ್ಲದ ಮನೆ, ದೇವರನ್ನು ಗೋಡೆಯೊಳಗೆ ಇಟ್ಟಿದ್ದಾರೆ ಎಂದುಕೊಂಡೆ. ಕೈ ಮುಗಿದೆ. ಮಗಳಿಗೆ ಒಳ್ಳೆಯದು ಮಾಡು ಎಂದೂ ಹೇಳಿದೆ. ಬೆಳಕಾದ ಮೇಲೆ ನೋಡಿದರೆ ಗಾಳಿ ಪೆಟ್ಟಿಗೆ. ಸುಜಾತ ನಕ್ಕಳು. ನಕ್ಕವಳೇ ಆಮೇಲೆ ಏನು ಮಾಡಿದಳು ಎಂದು ಮುಂದೆ ಬರುತ್ತದೆ.

ತಿಂಗಳಿಗೊಮ್ಮೆ ಶುಕ್ರವಾರ ಪೆಟ್ಟಿಗೆಗೆ ಸ್ನಾನ. ಆ ದಿನ ಬೆಳಿಗ್ಗೆ ಬಚ್ಚಲು ಅಳಿಯಂದಿರದ್ದು, ಯಾರಿಗೆ ಎಷ್ಟು ಅವಸರವಾದರೂ ಕಾಯಬೇಕು. ಮೊದಲು ಸ್ವಿಚ್ ಆಫ್ ಮಾಡುವುದು. ಕೂಡಲೇ ಮುಟ್ಟಬಾರದು, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನಿಲ್ಲಬೇಕು, ಒಳಗೆ ಕರೆಂಟು ಕೂತಿರುತ್ತದೆ. ಆಮೇಲೆ ಬಾಗಿಲು ತೆಗೆದು ತಗಡಿನ ಕಟ್ಟನ್ನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ ಬಿಸಿನೀರು, ಸೋಪಿನ ಪುಡಿ ಹಾಕಿದ ಟಬ್ಬಿನಲ್ಲಿ ಮುಳುಗಿಸುವುದು. ನೀರು ಹಳೆಯ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಇದು ನಾವು ಉಸಿರಾಡಿದ ಕೊಳೆ ಎಂದು ಅಳಿಯಂದಿರು ಎಲ್ಲರನ್ನೂ ಕರೆದು ತೋರಿಸುತ್ತಿದ್ದರು. ಪಾತ್ರೆ ತೊಳೆಯುವ ಮಿಷನ್ನಿನಲ್ಲೂ ತೊಳೆಯಬಹುದಂತೆ. ಆ ಮನೆಯಲ್ಲಿ ಅಂಥದೊಂದು ಮಿಷನ್ ಇತ್ತು. ಆದರೆ ಸುಜಾತ ಅದರಲ್ಲಿ ಅಕ್ಕಿ ಡಬ್ಬ, ಉದ್ದಿನ ಡಬ್ಬ ಜೋಡಿಸಿಟ್ಟಿದ್ದಳು. ನಮ್ಮವರ ಎಲ್ಲ ಮನೆಯಲ್ಲೂ ಅದು ಹಾಗೆಯೇ. ಪಾತ್ರೆ ಕೈಯಲ್ಲಿ ತಿಕ್ಕಿದರೇ ಬೆಳ್ಳಗಾಗುವುದು.

ಒಂದು ಸಲ ನಾನು, “ಕೊಡಿ, ನಾನು ತೊಳೆದು ಕೊಡ್ತೇನೆ. ನಿಮ್ಮ ಪ್ಯಾಂಟು ಚಂಡಿ ಆಗ್ತದೆ” ಎಂದೆ.

“ತಪ್ಪು ತಿಳ್ಕೋಬೇಡಿ ಅತ್ತೆ. ತಂತಿ ತುಂಬ ಸೂಕ್ಷ್ಮ. ನಿಮ್ಮ ಕೈಗಲ್ಲ ಇದು.”

ನನ್ನ ಕೈಗೆ ಏನಾಗಿತ್ತು? ಸಣ್ಣವಳಿದ್ದಾಗ ಮನೆಯ ಲಾಟೀನಿನ ಗಾಜು ತೊಳೆಯುವುದು ನನ್ನದೇ ಕೆಲಸ. ಗಾಜಿನ ಬಾಯಿ ಸಣ್ಣದು, ದೊಡ್ಡವರ ಕೈ ಒಳಗೆ ಹೋಗುವುದಿಲ್ಲ, ಅದಕ್ಕೇ ನಾನು. ಸಂಜೆ ಆಟದ ನಡುವಿನಿಂದ ಎಳೆದುಕೊಂಡು ಬಂದು ಕೂರಿಸುತ್ತಿದ್ದರು. ಒಲೆಯ ಬೂದಿ, ಒಂದು ಹಳೆಯ ಬಟ್ಟೆ ಚೂರು. ಗಾಜು ಒಡೆದರೆ ಬೆನ್ನಿಗೆ ಬೀಳುತ್ತದೆ, ಮಸಿ ಉಳಿದರೆ ತಲೆಗೆ ಬೀಳುತ್ತದೆ. ಅಕ್ಕ ಶಾಲೆಗೆ ಹೋದಳು, ನಾನು ನಾಲ್ಕನೆಯದಕ್ಕೆ ಬಿಟ್ಟೆ, ಕೈ ದೊಡ್ಡದಾಗುವವರೆಗೆ ಗಾಜು ತೊಳೆದೆ. ಒಂದನ್ನೂ ಒಡೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಸುಮಾರು ಒಡೆದಿದ್ದೇನೆ. ಆದರೆ ನಿನ್ನ ಕೈಗಲ್ಲ ಇದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ಚಟ್ ಎನ್ನುವ ಸದ್ದಿನ ಪುರಾಣ. ನಾನು ಒಂದು ದಿನ ಬಂಗುಡೆ ಹುರಿದೆ. ಪ್ಯಾಸೇಜಿನಲ್ಲಿ ಚಟಚಟ ಚಟಚಟ ಎಂದಿತು. ಅಳಿಯಂದಿರು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದರು.

“ತಪ್ಪು ತಿಳ್ಕೋಬೇಡಿ ಅತ್ತೆ. ಎಣ್ಣೆ ಹೊಗೆ ಆ ತಗಡಿನ ಸೆಲ್‌ಗೆ ಕೂತ್ರೆ ಅದು ಕೆಲಸ ಮಾಡಲ್ಲ. ಮೀನು ಹೊರಗಡೆ ಅಡುಗೆಮನೇಲಿ ಮಾಡ್ಕೊಳ್ಳಿ.”

ಅಲ್ಲಿಯ ಮನೆಗಳಿಗೆ ಅಂಗಳದ ಮೂಲೆಯಲ್ಲಿ ಇನ್ನೊಂದು ಅಡುಗೆಮನೆ ಇರುತ್ತದೆ, ಘಾಟಿನ ಅಡುಗೆಗೆ. ಅದರ ಪಕ್ಕ ಕೆಲಸದವರಿಗೆಂದು ಕಟ್ಟಿದ ಒಂದು ಸಣ್ಣ ಕೋಣೆ. ಮೀನು ಹೊರಗೆ ಹೋಯಿತು. ಆಗಲಿ. ಮೈಸೂರಿನವರಿಗೆ ಮೀನಿನ ವಾಸನೆ ಆಗುವುದಿಲ್ಲ, ಪೆಟ್ಟಿಗೆಯ ಹೆಸರು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಮುಂದಿನ ವಾರ ಮೆಣಸಿನ ಒಗ್ಗರಣೆ ಹೊರಗೆ ಹೋಯಿತು. ಆಮೇಲೆ ನನ್ನ ಸಾಂಬ್ರಾಣಿ. ಮಿನ್ನುವಿಗೆ ತಲೆಗೆ ಎರೆದ ದಿನ ಒಂದು ಚಿಟಿಕೆ ಸಾಂಬ್ರಾಣಿ ಹಾಕಿ ಕೂದಲು ಒಣಗಿಸುತ್ತಿದ್ದೆ. ಡಾಕ್ಟರು ಹೊಗೆ ಬೇಡ ಎಂದಿದ್ದಾರೆ ಎಂದು ಸುಜಾತ ಹೇಳಿದಳು. ಮಗುವಿಗೆ ಆಗದು ಎಂದ ಮೇಲೆ ನಾನು ಯಾಕೆ ಹಟ ಮಾಡಲಿ? ಕೆಂಡದ ಚಟ್ಟಿಯನ್ನು ತೊಳೆದು ಮಗುಚಿಟ್ಟೆ. ನಾನು ಸಿಟ್ಟಿನವಳು, ತಲೆ ಕೆಟ್ಟವಳಲ್ಲ.

ಹೊಗೆಯ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ. ಗಂಡ ಹೋದ ಮೇಲೆ ಗೇರುಬೀಜದ ಕಾರ್ಖಾನೆಗೆ ಹೋದವಳು ನಾನು. ಬೀಜ ಹುರಿಯುವ ಹೊಗೆ ಎಂದರೆ ಕಣ್ಣು, ಮೂಗು, ಗಂಟಲು ಎಲ್ಲ ಒಟ್ಟಿಗೆ ಉರಿಯುತ್ತದೆ. ಸಿಪ್ಪೆಯ ಎಣ್ಣೆ ತಾಗಿ ಅಂಗೈ ಕಪ್ಪಾಗಿ ಚರ್ಮ ಏಳುತ್ತದೆ. ಆ ಹೊಗೆ ಕುಡಿದೇ ಮಗಳನ್ನು ಓದಿಸಿದೆ. ಸಂಜೆ ಮನೆಗೆ ಬಂದರೆ ಇದೇ ಸುಜಾತ ನನ್ನ ಸೀರೆಗೆ ಮುಖ ಒರೆಸಿಕೊಳ್ಳುತ್ತಿದ್ದಳು. ಆಗ ವಾಸನೆ ಬರುತ್ತಿರಲಿಲ್ಲ. ಇರಲಿ. ಎಲ್ಲಿಂದ ಎಲ್ಲಿಗೋ ಹೋದೆ.

ನವರಾತ್ರಿ ಬಂತು. ಕಾರ್ಖಾನೆಯ ಎಂಜಿನಿಯರಿಗೆ, ಅದರಲ್ಲೂ ಮೈಸೂರಿನವರಿಗೆ ಆಯುಧಪೂಜೆ ಎಂದರೆ ಬಿಡುವುದುಂಟೇ? ಕಾರು ತೊಳೆದು ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟರು. ಲ್ಯಾಪ್‌ಟಾಪಿಗೆ ಕುಂಕುಮ, ಮಿಕ್ಸಿಗೆ ಕುಂಕುಮ. ಕುಂಬಳಕಾಯಿ ಒಡೆಯಲು ಗೇಟಿನ ಹೊರಗೆ ಹೋಗಿ ಆಚೆ ಈಚೆ ನೋಡಿ ಕಳ್ಳರ ಹಾಗೆ ಒಡೆದು ಬಂದರು. ಕೊನೆಗೆ ಅಳಿಯಂದಿರು ಹಿತ್ತಾಳೆ ತಟ್ಟೆ ಹಿಡಿದುಕೊಂಡು ಪ್ಯಾಸೇಜಿಗೆ ಬಂದರು. ಹಿಂದೆ ರೇಷ್ಮೆ ಸೀರೆಯುಟ್ಟ ನನ್ನ ಮಗಳು, ನಾನು ಹಸಿರು ದೀಪಕ್ಕೆ ಕೈ ಮುಗಿದೆ ಎಂದು ನಕ್ಕವಳು. ಪೆಟ್ಟಿಗೆಯ ಬಾಗಿಲು ತೆಗೆದು ಜಾಲರಿಯ ಚೌಕಟ್ಟಿಗೆ ಗಂಧದ ಮೂರು ಪಟ್ಟೆ ಎಳೆದರು, ನಡುವೆ ಕುಂಕುಮ. ಒಂದು ಕಟ್ಟು ಊದುಬತ್ತಿ ಹಚ್ಚಿ ಎದುರು ಸುತ್ತಿದರು. ಗಾಳಿ ಎಳೆಯುವ ಬಾಯಿ ಅಲ್ಲವೇ, ಹೊಗೆಯನ್ನು ಗಟಗಟ ಕುಡಿಯಿತು.

ನನಗೆ ತಡೆಯಲಾಗಲಿಲ್ಲ. “ಅಳಿಯಂದಿರೇ, ನನ್ನ ಒಂದು ಚಿಟಿಕೆ ಸಾಂಬ್ರಾಣಿ ಆಗುವುದಿಲ್ಲ, ಒಂದು ಕಟ್ಟು ಊದುಬತ್ತಿ ಆಗ್ತದಾ?”

“ಅಯ್ಯೋ ಅತ್ತೆ, ಇದು ಪೂಜೆ ಅಲ್ವಾ? ವರ್ಷಕ್ಕೊಂದ್ಸಲ.”

“ನನ್ನದೆಂತ, ಬೀಡಿಯಾ?”

“ಅಮ್ಮ, ಹಬ್ಬದ ದಿವಸ ಸುಮ್ಮನಿರು ಮಾರಾಯ್ತಿ” ಎಂದಳು ಮಗಳು.

ಅಂಗಡಿಯಿಂದ ತಂದ ದಪ್ಪನೆಯ ಗೊಂಡೆಹೂವಿನ ಮಾಲೆಯನ್ನು ಹೊರಗೆ ಹಾಕಿದರೆ ಬಾಗಿಲು ಮುಚ್ಚುವುದಿಲ್ಲವೆಂದು ಅದನ್ನು ಮಡಚಿ, ಜಾಲರಿಯ ಮುಂದಿನ ಗೇಣಗಲದ ಜಾಗದಲ್ಲಿ ಇಟ್ಟರು. ಮೇಲೆ ಎರಡು ವೀಳ್ಯದೆಲೆ, ಅಡಿಕೆ. “ಒಂದಿನ ತಾನೇ. ನಾಳೆ ತೆಗೆದ್ರಾಯ್ತು” ಎಂದು ಹೇಳಿ ಬಾಗಿಲು ಮುಚ್ಚಿದರು.

ಆ ನಾಳೆ ಅಳಿಯಂದಿರಿಗೆ ಫೋನು ಬಂತು. ಸೊಹಾರ್‌ನ ಬಂದರಿನ ಹತ್ತಿರ ಅವರ ಕಂಪನಿಯ ಏನೋ ಕೆಲಸ ನಿಂತಿದೆ, ಹೊರಡಬೇಕು. ಅಲ್ಲಿಂದ ಮುಂದೆ ಭಾನುವಾರ ನಸುಕಿಗೆ ಕಂಪನಿ ಬಸ್ಸಿನಲ್ಲಿ ಹೋದರೆ ಗುರುವಾರ ಸಂಜೆ ಬರುವುದು, ಶುಕ್ರವಾರ ಇಡೀ ದಿನ ನಿದ್ದೆ. ಪೆಟ್ಟಿಗೆಗೆ ಸ್ನಾನವಿಲ್ಲ. ಸುಜಾತಳಿಗೆ ಆಫೀಸು. ನಾನು ಮುಟ್ಟುವಂತಿಲ್ಲ. ಹಸಿರು ದೀಪ ಉರಿಯುತ್ತಿತ್ತು. ದೀಪ ಉರಿದರೆ ಎಲ್ಲ ಸರಿ ಇದೆ ಎಂದು ಗಂಡಹೆಂಡತಿ ನಂಬಿದ್ದರು.

ಚಳಿಗಾಲ ಶುರುವಾಯಿತು. ಅಲ್ಲಿಯ ಚಳಿಗಾಲ ಎಂದರೆ ಸಮುದ್ರದ ಕಡೆಯಿಂದ ಒದ್ದೆ ಗಾಳಿ, ಬೆಳಿಗ್ಗೆ ಕಾರಿನ ಗಾಜಿನಲ್ಲಿ ನೀರು. ತಂಪು ಬೇಡದ ದಿನಗಳಲ್ಲೂ ಗಾಳಿ ಮಾತ್ರ ತಿರುಗಲಿ, ಪೆಟ್ಟಿಗೆ ಕೆಲಸ ಮಾಡಲಿ, ಮಿನ್ನುವಿಗೆ ಒಳ್ಳೆಯದು ಎಂದು ಅದನ್ನು ಹಗಲೂ ಇರುಳೂ ಓಡಿಸುತ್ತಿದ್ದರು. ಮಿನ್ನುವಿಗೆ ಉಬ್ಬಸ ಹೆಚ್ಚಾಯಿತು. ಶಾಲೆಯಿಂದ ಚೆನ್ನಾಗಿಯೇ ಬರುತ್ತಿದ್ದವಳು ಮನೆಯೊಳಗೆ ಸ್ವಲ್ಪ ಹೊತ್ತು ಆಡುವಷ್ಟರಲ್ಲಿ ಕುಂಯ್ ಎನ್ನಲು ಶುರು. ಮೂಗಿಗೆ ಮುಖವಾಡ ಕಟ್ಟಿ ಔಷಧದ ಹಬೆ ಕೊಡುವುದು. ಪೆಟ್ಟಿಗೆಯೋ, ಸುಮ್ಮಸುಮ್ಮನೆ ಚಟ್ ಚಟ್ ಎನ್ನುತ್ತಿತ್ತು. ಅದು ಚಟ್ ಎಂದಾಗಲೆಲ್ಲ ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಸೋಫಾದಲ್ಲಿ ಸುಮ್ಮನೆ ಕೂತಿದ್ದರೂ ನನ್ನನ್ನೇ. ಮನೆಗೆ ಬಂದ ನೆಂಟರೂ ಕಲಿತುಕೊಂಡರು.

“ಅಮ್ಮ, ಸಿಟ್ಟು ಮಾಡ್ಬೇಡ” ಎಂದಳು ಸುಜಾತ ಒಂದು ಮಧ್ಯಾಹ್ನ. “ಸ್ವಲ್ಪ ದಿವಸ ಹೊರಗಿನ ರೂಮಲ್ಲಿ ಮಲಗ್ತೀಯಾ?”

“ಯಾಕೆ?”

“ನಿನ್ನ ಬಟ್ಟೆಯಲ್ಲಿ ಒಗ್ಗರಣೆ ಹೊಗೆ, ತಲೆಯಲ್ಲಿ ಎಣ್ಣೆ, ಮೀನು... ಮಗು ನಿನ್ನ ಹತ್ತಿರವೇ ಮಲಗುದಲ್ವಾ. ಇವರು ಹೇಳಿದ್ರು, ಒಮ್ಮೆ ದೂರ ಇಟ್ಟು ನೋಡುವ ಅಂತ.”

“ದೂರ ಇಟ್ಟು ನೋಡ್ಲಿಕ್ಕೆ ನಾನೆಂತ ಕೊಳೆತ ಮೀನಾ?”

“ಹಾಗಲ್ಲಮ್ಮ!”

ಹಾಗೆಯೇ. ಬೇರೆ ಹೇಗೆ? ಮೊದಲು ಮೀನು ಹೋಯಿತು, ಒಗ್ಗರಣೆ ಹೋಯಿತು, ಸಾಂಬ್ರಾಣಿ ಹೋಯಿತು, ಕೊನೆಗೆ ನಾನು. ಹಾಸಿಗೆ ಸುತ್ತಿಕೊಂಡು ಅಂಗಳ ದಾಟಿದೆ. ಮಿನ್ನು ಬಾಗಿಲಲ್ಲಿ ನಿಂತು, “ಅಜ್ಜಿ, ವೈ ಆರ್ ಯು ಗೋಯಿಂಗ್?” ಎಂದಳು. ಅವಳಿಗೆ ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಅಭ್ಯಾಸ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ.

“ನಿನ್ನ ಅಪ್ಪನ ಪೆಟ್ಟಿಗೆ ಓಡಿಸಿತು” ಎಂದೆ.

“ಐ ವಿಲ್ ಸ್ವಿಚ್ ಇಟ್ ಆಫ್” ಎಂದಳು. ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ.

ಹೊರಗಿನ ಕೋಣೆಯ ಗೋಡೆಗೆ ತಾಗಿ ಪಕ್ಕದ ಮನೆಯ ಅಂಗಳ. ಅಲ್ಲಿಯ ಮುದುಕಿಯನ್ನು ಎಲ್ಲರೂ ಉಮ್ ಸಲೀಂ ಎನ್ನುತ್ತಿದ್ದರು, ಸಲೀಮನ ತಾಯಿ ಎಂದು ಅರ್ಥ. ಸಂಜೆ ಮಣ್ಣಿನ ಧೂಪದಾನಿಯಲ್ಲಿ ಲೋಬಾನದ ಹೊಗೆ ಹಾಕಿ ಮನೆಯಿಡೀ ತಿರುಗಿಸುತ್ತಾಳೆ, ಬಟ್ಟೆಗೆ ಹಿಡಿಯುತ್ತಾಳೆ, ಮೊಮ್ಮಕ್ಕಳಿಗೆ ಹಿಡಿಯುತ್ತಾಳೆ. ಅವು ಆಡಿನ ಮರಿಗಳ ಹಾಗೆ ಹಾರುತ್ತಿರುತ್ತವೆ. ಅವಳಿಗೂ ಹಿಂದಿ ಅರೆಬರೆ, ನನಗೂ ಅರೆಬರೆ. ಅದಕ್ಕೇ ನಮ್ಮಿಬ್ಬರ ಮಾತು ಸಲೀಸು. ನನ್ನ ಹಾಸಿಗೆ ನೋಡಿ ಗೋಡೆಯ ಮೇಲಿಂದ ಕೇಳಿದಳು, “ತುಮ್ ಇಧರ್ ಸೋತಾ? ಬೇಟಿ ಕಾ ಘರ್ ಮೇ ಜಗಾ ಮಾಫಿ?” ಅಲ್ಲಿ ಇಲ್ಲ ಎನ್ನುವುದಕ್ಕೆ ಮಾಫಿ ಎನ್ನುತ್ತಾರೆ. ಮಗಳ ಮನೆಯಲ್ಲಿ ಜಾಗ ಇಲ್ಲವೇ ಎಂದು.

“ಜಗಾ ಹೈ. ಹವಾ ಮಾಫಿ” ಎಂದೆ.

ಮುದುಕಿ ಎಷ್ಟು ನಕ್ಕಳೆಂದರೆ ಧೂಪದಾನಿ ಕೈಯಿಂದ ಜಾರುವುದರಲ್ಲಿತ್ತು. ನನಗೂ ನಗು ಬಂತು. ಕೋಣೆಗೆ ಹೋಗಿ ಮಲಗಿದ ಮೇಲೆ ಬರಲಿಲ್ಲ. ಕಿವಿ ಖಾಲಿ ಖಾಲಿ.

ನಾನು ಹೊರಗೆ ಹೋದ ಮೇಲೆ ಮಗುವಿಗೆ ಗುಣವಾಗಿದ್ದರೆ ನಾನೇ ಬಾಯಿ ಮುಚ್ಚಿಕೊಂಡು ಹೊರಗಿರುತ್ತಿದ್ದೆ. ಗುಣವಾಗಲಿಲ್ಲ, ಇನ್ನೂ ಹೆಚ್ಚಾಯಿತು. ಅದಕ್ಕೂ ನಾನೇ ಕಾರಣವಂತೆ. ಬಹಳ ತಿಂಗಳು ಹುರಿದದ್ದು ಗೋಡೆಗೆ, ಕೊಳವೆಗೆ, ಪರದೆಗೆ ಎಲ್ಲ ಹಿಡಿದಿರುತ್ತದಂತೆ. ಒಂದು ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುವಾಗ ಅಳಿಯಂದಿರು ಲೋಟ ಕೆಳಗಿಟ್ಟರು. ಲೋಟ ಕೆಳಗಿಟ್ಟರೆ ನನಗೆ ಗೊತ್ತಾಗುತ್ತದೆ.

“ತಪ್ಪು ತಿಳ್ಕೋಬೇಡಿ ಅತ್ತೆ. ನಿಮ್ಮ ವೀಸಾ ಮುಗೀತಾ ಬಂತಲ್ಲ. ಈ ಸಲ ಮುಂದುವರಿಸೋದು ಬೇಡ ಅಂತ. ಮನೆ ಒಮ್ಮೆ ಪೂರ್ತಿ ಕ್ಲೀನ್ ಮಾಡಿಸ್ತೀವಿ. ಮಿನ್ನು ಸ್ವಲ್ಪ ಸರಿ ಹೋದ್ಮೇಲೆ ಮತ್ತೆ ಬರೋರಂತೆ.”

ನಾನು ಮಗಳ ಮುಖ ನೋಡಿದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಸವರಿದ್ದಕ್ಕೇ ಮತ್ತೆ ಸವರುತ್ತಿದ್ದಳು.

“ಹೋಗ್ತೇನೆ” ಎಂದೆ. “ನಿಮ್ಮ ಮನೆ, ನಿಮ್ಮ ಮಗು. ಆದರೆ ಹೋಗುವ ಮೊದಲು ಆ ಪೆಟ್ಟಿಗೆ ತೊಳೆದು ಹೋಗ್ತೇನೆ. ಅದರಲ್ಲಿ ಇರುವುದು ನನ್ನ ಕೊಳೆ ಅಂತ ಹೇಳಿದ್ರಲ್ಲ? ನನ್ನ ಕೊಳೆ ಬೇರೆಯವರು ತೊಳೆಯುವುದು ಬೇಡ.”

“ಅತ್ತೆ, ಅದು...”

“ಅಮ್ಮ, ಶಾಕ್ ಹೊಡೀತದೆ!”

“ಹೊಡೀಲಿ. ಧೂಳಿಗೆ ಹೊಡಿಯುದಿಲ್ವಾ? ನಾನೂ ಅದೇ ಅಲ್ವಾ ನಿಮಗೆ.”

ಸೀದಾ ಹೋಗಿ ಸ್ವಿಚ್ ಆಫ್ ಮಾಡಿದೆ. ಸಿಟ್ಟು ಎಷ್ಟೇ ಇದ್ದರೂ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಕಾದೆ. ಸಾಯುವುದಕ್ಕೆ ಹೋದವಳಲ್ಲ, ತೊಳೆಯುವುದಕ್ಕೆ ಹೋದವಳು. ಆಮೇಲೆ ಬಾಗಿಲು ಎಳೆದೆ.

ವಾಸನೆ ಮೊದಲು ಬಂತು. ಮೀನಿನದ್ದಲ್ಲ. ಮೀನಿನ ಒಳ್ಳೆಯ ವಾಸನೆ, ಕೆಟ್ಟ ವಾಸನೆ ಎರಡೂ ನನಗೆ ಗೊತ್ತು. ಇದು ದೇವಸ್ಥಾನದ ಹಿಂದೆ ನಿರ್ಮಾಲ್ಯ ಹಾಕುವ ಹೊಂಡದ ವಾಸನೆ. ಆ ಗೊಂಡೆಹೂವಿನ ಮಾಲೆ ಕಪ್ಪಾಗಿ, ಕೊಳೆತು, ಅದರ ಮೇಲೆ ಬೆಳ್ಳಗೆ ಬೂಷ್ಟು ಹತ್ತಿಯ ಹಾಗೆ ಎದ್ದಿತ್ತು. ವೀಳ್ಯದೆಲೆ ಜಾಲರಿಗೆ ಅಂಟಿ ಚರ್ಮದ ಹಾಗಾಗಿತ್ತು. ಹೂವಿನ ಎಸಳು ಪುಡಿಪುಡಿಯಾಗಿ ಜಾಲರಿ ದಾಟಿ ತಂತಿಗೆ, ತಗಡಿಗೆ ಎಲ್ಲ ಮೆತ್ತಿಕೊಂಡಿತ್ತು. ಕುಂಕುಮ ಕರಗಿ ಕೆಸರು. ಅದರ ಮೇಲೆ ಊದುಬತ್ತಿಯ ಬೂದಿ. ಮನೆಯ ಅಷ್ಟೂ ಗಾಳಿ, ಮಗು ಎಳೆದುಕೊಳ್ಳುವ ಒಂದೊಂದು ಉಸಿರೂ, ಇದರೊಳಗೆ ಹಾದು ಬರುತ್ತಿತ್ತು. ಹಸಿರು ದೀಪ ಹಚ್ಚಿಕೊಂಡು.

ಹಿಂದೆ ಮೂವರೂ ನಿಂತಿದ್ದರು. ಮಿನ್ನು ಮೂಗು ಮುಚ್ಚಿಕೊಂಡು, “ಅಜ್ಜಿ, ಈಸ್ ದಟ್ ಫಿಶ್?” ಎಂದಳು.

“ಅಲ್ಲ ಮಗಾ” ಎಂದೆ. “ಪೂಜೆ.”

ಅಳಿಯಂದಿರ ಕಡೆ ತಿರುಗಿ, “ತಪ್ಪು ತಿಳ್ಕೊಳ್ಬೇಡಿ ಅಳಿಯಂದಿರೇ” ಎಂದೆ. ಆಮೇಲೆ ಹೇಳಬೇಕೆಂದಿದ್ದದ್ದು ಬಹಳ ಇತ್ತು. ಆ ಮನುಷ್ಯನ ಮುಖ ನೋಡಿದೆ. ಹೂವನ್ನಲ್ಲ, ಮಗುವಿನ ಎದೆಯನ್ನು ನೋಡುತ್ತಿದ್ದರು. ಅದು ಏರಿ ಇಳಿಯುವುದನ್ನು. ಹೇಳಲಿಲ್ಲ. ಈಗಲೂ ಅದನ್ನು ನೆನೆದರೆ ಹೇಳಬೇಕಿತ್ತು ಅನಿಸುತ್ತದೆ.

ಗೊಂಡೆಹೂವಿನಿಂದಲೇ ಉಬ್ಬಸ ಹೆಚ್ಚಾದದ್ದು ಎಂದು ನಾನು ಹೇಳುವುದಿಲ್ಲ. ನಾನೇನು ಡಾಕ್ಟರಾ? ಚಳಿ ಇತ್ತು, ಹೊರಗೆ ಮರಳಿನ ಧೂಳಿತ್ತು, ನನ್ನ ತಲೆಯೆಣ್ಣೆಯೂ ಇತ್ತು ಎನ್ನಿ. ಅವರ ಹಾಗೆ ಒಂದೇ ಕಡೆ ಬೆರಳು ತೋರಿಸುವವಳಲ್ಲ ನಾನು. ಇದು ಸುಳ್ಳು. ಆ ದಿನ ಬೆರಳು ತೋರಿಸಿದೆ. ಹತ್ತೂ ಬೆರಳು ತೋರಿಸಿದೆ. ಇಡೀ ಕಟ್ಟನ್ನು ಅಂಗಳಕ್ಕೆ ಹೊತ್ತುಕೊಂಡು ಹೋಗುತ್ತಾ ಉಮ್ ಸಲೀಮಳಿಗೂ ಕರೆದು ತೋರಿಸಿದೆ. ಅವಳು “ಖಲಾಸ್!” ಎಂದು ಕೈ ಕೊಡವಿದಳು.

ಅಂಗಳದಲ್ಲಿ ಟಬ್ಬು ಇಟ್ಟು ಬಿಸಿನೀರು ಸುರಿದೆ. ಅಳಿಯಂದಿರು ಪ್ಯಾಂಟು ಮಡಚಿಕೊಂಡು ಬಂದು ಎದುರು ಕುಕ್ಕರಗಾಲಿನಲ್ಲಿ ಕೂತರು. ಎಂಜಿನಿಯರು ಕುಕ್ಕರಗಾಲಿನಲ್ಲಿ ಕೂತದ್ದು ನಾನು ನೋಡಿದ್ದು ಅದೇ ಮೊದಲು. ನೀರು ಬದಲಿಸಿದಷ್ಟೂ ಹಳದಿ ಬರುತ್ತಿತ್ತು. ತಗಡಿನ ಸಂದಿಗೆ ಬಟ್ಟೆ ಸುತ್ತಿದ ಕಡ್ಡಿ ಹಾಕಿ ನಾನು ಕೆದಕುತ್ತಿದ್ದೆ.

“ತಂತಿ, ಅತ್ತೆ. ತಂತಿ ಜೋಪಾನ.”

“ನೋಡಿದ್ದೇನೆ” ಎಂದೆ. ಎಂದವಳ ಬೆರಳಿಗೇ ಸಿಕ್ಕಿ ಒಂದು ತಂತಿ ಟಿಂಗ್ ಎಂದು ತುಂಡಾಯಿತು. ಕೈಯಲ್ಲೇ ಉಳಿಯಿತು. ಇಬ್ಬರೂ ಅದನ್ನು ನೋಡಿದೆವು. ನಿಮ್ಮ ಕೈಗಲ್ಲ ಇದು ಎಂದು ಅವರು ಆಗ ಹೇಳಬಹುದಿತ್ತು, ಹೇಳಿದ್ದರೆ ಟಬ್ಬಿನ ನೀರು ಅವರ ತಲೆಯ ಮೇಲಿರುತ್ತಿತ್ತು.

“ಪರ್ವಾಗಿಲ್ಲ. ತುಂಡು ನೇತಾಡಬಾರದು ಅಷ್ಟೆ, ಕಿಡಿ ಹಾರುತ್ತೆ. ಪೂರ್ತಿ ತೆಗೆದುಬಿಟ್ರೆ ಒಂದು ಕಮ್ಮಿ ಇದ್ರೂ ನಡೆಯುತ್ತೆ. ಆಮೇಲೆ ಹೊಸದು ಹಾಕ್ತೀನಿ” ಎಂದರು. ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, “ಅತ್ತೆ, ಕಾಫಿ ಕುಡೀತೀರಾ?”

“ನೀವು ಮಾಡಿದರೆ ಕುಡಿಯುತ್ತೇನೆ.”

ಮಾಡಿ ತಂದರು. ಸಕ್ಕರೆ ಹೆಚ್ಚಾಗಿತ್ತು. ಅದಕ್ಕಿಂತ ಹೆಚ್ಚಿನ ಮಾತು ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇವತ್ತಿನವರೆಗೂ ಆಗಿಲ್ಲ. ಕ್ಷಮೆ ಎನ್ನುವ ಶಬ್ದ ಮೈಸೂರಿನಲ್ಲಿ ಕಾಫಿಯೊಳಗೆ ಹಾಕುತ್ತಾರೋ ಏನೋ.

ತೊಳೆದದ್ದು ಪೂರ್ತಿ ಒಣಗಬೇಕು, ಒಂದು ಹನಿ ಉಳಿದರೂ ಒಳಗೆ ಹಾಕಿದ ಕೂಡಲೇ ಚಟಚಟ. ಅಂಗಳದ ಗೋಡೆಗೆ ಒರಗಿಸಿ ಇಟ್ಟೆವು. ಅಳಿಯಂದಿರು ಏಣಿ ಹಾಕಿ ಕೊಳವೆಯ ಬಾಯಿಗಳನ್ನೆಲ್ಲ ಒರೆಸಿದರು. ಕಿಟಕಿ ಎಲ್ಲ ತೆಗೆದಿಟ್ಟೆವು. ಆ ದಿನ ಮನೆಯಲ್ಲಿ ಬರಿಯ ಗಾಳಿ. ಸಂಜೆ ಸುಜಾತ ನನ್ನ ಕೋಣೆಗೆ ಬಂದಳು. ಅಳುತ್ತಾಳೋ ಎಂದು ಹೆದರಿದೆ, ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

“ಅಮ್ಮ, ವೀಸಾದ್ದು ಇವರು ನೋಡ್ತಾರಂತೆ. ನೀನು ಹೋಗುದು ಬೇಡ.”

“ಹಾಸಿಗೆ?”

“ಅದು... ಒಂದು ವಾರ ನೋಡುವ ಅಮ್ಮ. ಮಿನ್ನು ಹೇಗಿರ್ತಾಳೆ ಅಂತ ನೋಡಿ, ಆಮೇಲೆ ಒಳಗೆ ಬಾ.”

ಇನ್ನೂ ನೋಡುವುದಂತೆ! ಅಷ್ಟು ಕೊಳೆ ಕಣ್ಣಾರೆ ನೋಡಿದ ಮೇಲೆಯೂ ನೋಡಬೇಕಾದದ್ದು ನನ್ನನ್ನೇ. ತಲೆಗೆ ಎರೆದುಕೊಂಡೆ, ಎಣ್ಣೆ ಹಾಕಲಿಲ್ಲ. ಒಗೆದ ಸೀರೆ ಉಟ್ಟೆ. ಹೊದಿಕೆಯನ್ನು ಬಿಸಿನೀರಿನಲ್ಲಿ ಅದ್ದಿ ಒಗೆದು ಹಗ್ಗಕ್ಕೆ ಹಾಕಿದೆ. ನನ್ನದೆಂದು ಹೇಳಲು ಒಂದು ಎಳೆ ವಾಸನೆ ಉಳಿಯಬಾರದು, ಅವರಿಗೆ ಒಂದು ಮಾತು ಸಿಗಬಾರದು.

ಮರುದಿನ ಬೆಳಿಗ್ಗೆ ಅಳಿಯಂದಿರು ಒಣಗಿದ ಕಟ್ಟನ್ನು ಪೆಟ್ಟಿಗೆಯೊಳಗೆ ಕೂರಿಸಿ ಸ್ವಿಚ್ ಹಾಕಿದರು. ಹಸಿರು ದೀಪ ಬಂತು. ಸದ್ದಿಲ್ಲ. ನಾನು ಕೈ ಮುಗಿಯಲಿಲ್ಲ. ಹಾಸಿಗೆಯನ್ನು ಹೆಗಲ ಮೇಲೆ ಹಾಕಿಕೊಂಡು, ಅಳಿಯನ ಎದುರಿನಿಂದಲೇ ದಾಟಿ, ಚಹಾ ಸೋಸುತ್ತಿದ್ದ ಮಗಳ ಎದುರಿನಿಂದಲೂ ದಾಟಿ, ಮಿನ್ನುವಿನ ಕೋಣೆಗೆ ಹೋಗಿ ಅವಳ ಬಗಲಲ್ಲಿ ಹಾಸಿದೆ. ಬಿಸಿಲು ಕಿಟಕಿಗೆ ಬಂದಿತ್ತು, ಎಲ್ಲರೂ ಏಳುವ ಹೊತ್ತು. ನಾನು ಮಲಗಿದೆ. ನಿದ್ದೆಗಣ್ಣಿನಲ್ಲೇ ಆ ಹುಡುಗಿ ಕೈ ಚಾಚಿ ನನ್ನ ಕಿವಿ ಹಿಡಿದು ಎಳೆದಳು. ನೋವಾಯಿತು. ಬಯ್ದೆ. ಬಿಡಿಸಿಕೊಳ್ಳಲಿಲ್ಲ.